ಬಿಟ್ಟವರು ಬಿಟ್ಟದ್ದೇನನ್ನು?

ಒಂದು ಕಾಲದಲ್ಲಿ ನಾಲ್ಕಾರು ಒಳ್ಳೆಯ ಕತೆ ಬರೆದು ಆಮೇಲೆ ಸುಮ್ಮನಾದವರನ್ನು ಮದುವೆಮನೆಯಲ್ಲೋ ಪುಸ್ತಕ ಬಿಡುಗಡೆಯಲ್ಲೋ ಯಾರಾದರೊಬ್ಬರು ತಡೆದು ನಿಲ್ಲಿಸಿಯೇ ನಿಲ್ಲಿಸುತ್ತಾರೆ. ‘ಏನ್ ಸಾರ್, ಇತ್ತೀಚೆಗೆ ಏನೂ ಬರೀತಿಲ್ವಲ್ಲ?’ ಕೇಳುವವರ ದನಿಯಲ್ಲಿ ಪ್ರೀತಿಯೂ ಇರುತ್ತದೆ, ಸಣ್ಣದೊಂದು ಆಕ್ಷೇಪಣೆಯೂ ಇರುತ್ತದೆ. ನಿವೃತ್ತರಾದ ಬ್ಯಾಂಕ್ ಮ್ಯಾನೇಜರನ್ನು ಹಿಡಿದು ‘ಯಾಕೆ ಸಾರ್, ಈಗ ಸಾಲ ಮಂಜೂರು ಮಾಡ್ತಿಲ್ವಾ’ ಎಂದು ಯಾರೂ ಕೇಳಿದ್ದಿಲ್ಲ. ಕಲೆಯ ವಿಷಯದಲ್ಲಿ ನಮ್ಮ ನಡವಳಿಕೆಯೇ ವಿಚಿತ್ರ. ಸಂಭಾವನೆ ಕೇಳಿದರೆ ‘ಇದು ಸೇವೆ ಅಲ್ವಾ’ ಎನ್ನುತ್ತೇವೆ. ನಿಲ್ಲಿಸುತ್ತೇನೆ ಎಂದರೆ ‘ಸರಸ್ವತಿ ಕೊಟ್ಟದ್ದನ್ನ ಹೀಗೆ ಹಾಳು ಮಾಡಬಾರದು’ ಎನ್ನುತ್ತೇವೆ. ಕೆಲಸವೆಂದು ಒಪ್ಪದ ಮೇಲೆ ರಾಜೀನಾಮೆ ಕೊಡುವುದು ಯಾರಿಗೆ?

ಆದರೂ ಜನ ಬಿಟ್ಟಿದ್ದಾರೆ. ಕೀರ್ತಿಯ ತುದಿಯಲ್ಲಿದ್ದವರು ಬಿಟ್ಟಿದ್ದಾರೆ, ಹೆಸರು ಬರುವ ಮೊದಲೇ ಬಿಟ್ಟಿದ್ದಾರೆ, ಘೋಷಿಸಿ ಬಿಟ್ಟಿದ್ದಾರೆ, ಯಾರಿಗೂ ಗೊತ್ತಾಗದಂತೆ ಬಿಟ್ಟಿದ್ದಾರೆ. ಈ ಕತೆಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ನನಗೆ ಎದ್ದು ಕಾಣುವುದು ಒಂದು ಸಂಗತಿ: ಕಲೆಯನ್ನೇ ಬಿಟ್ಟವರು ಬಹಳ ಕಡಿಮೆ. ಹೆಚ್ಚಿನವರು ಬಿಟ್ಟದ್ದು ಕಲೆಗೆ ಅಂಟಿಕೊಂಡ ಇನ್ನೇನನ್ನೋ. ವೇದಿಕೆಯನ್ನು, ಒಪ್ಪಂದವನ್ನು, ಗಡುವನ್ನು, ಒಂದು ಶೈಲಿಯನ್ನು, ಒಂದು ಊರಿನ ಸಭೆಯನ್ನು. ಖುಷಿ ಸೋರಿಹೋಗಿದ್ದೂ ಸಾಮಾನ್ಯವಾಗಿ ಅಂಥ ಬೆಸುಗೆಯ ಜಾಗದಲ್ಲೇ. ಈ ಮಾತಿಗೆ ಅಪವಾದಗಳೂ ಇವೆ. ಅವುಗಳ ಬಗ್ಗೆ ಆಮೇಲೆ.

ಇಟಲಿಯ ಒಪೆರಾ ಸಂಯೋಜಕ ರೊಸ್ಸೀನಿಯಿಂದ ಶುರುಮಾಡುವುದು ಒಳ್ಳೆಯದು, ಏಕೆಂದರೆ ಬಿಟ್ಟವರ ಚರ್ಚೆ ಬಂದಾಗಲೆಲ್ಲ ಯುರೋಪಿನವರು ಮೊದಲು ತೆಗೆಯುವ ಹೆಸರು ಅವನದು. 1810ರಲ್ಲಿ ಅವನ ಮೊದಲ ಒಪೆರಾ ರಂಗಕ್ಕೆ ಬಂತು. ‘ಸೆವಿಲ್‌ನ ಕ್ಷೌರಿಕ’ ಬಂದದ್ದು 1816ರಲ್ಲಿ, ಅವನಿಗೆ ಇಪ್ಪತ್ನಾಲ್ಕು ತುಂಬುತ್ತಿದ್ದಾಗ. 1829ರಲ್ಲಿ ಪ್ಯಾರಿಸ್ಸಿನಲ್ಲಿ ‘ವಿಲಿಯಂ ಟೆಲ್’ ಪ್ರದರ್ಶನವಾಗುವ ಹೊತ್ತಿಗೆ ಮೂವತ್ತೊಂಬತ್ತು ಒಪೆರಾ ಮುಗಿಸಿದ್ದ, ವಯಸ್ಸು ಮೂವತ್ತೇಳು. ಅಲ್ಲಿಂದ 1868ರಲ್ಲಿ ಸಾಯುವವರೆಗೆ ಇನ್ನೊಂದು ಒಪೆರಾ ಬರೆಯಲಿಲ್ಲ. ಕಾರಣ ಒಂದೇ ಅಲ್ಲ. ತಾಯಿ ತೀರಿಕೊಂಡಿದ್ದಳು. ಮೈ ಕೆಟ್ಟಿತ್ತು, ಮನಸ್ಸೂ ಆಗಾಗ ಕುಸಿಯುತ್ತಿತ್ತು. 1830ರ ಕ್ರಾಂತಿಯಲ್ಲಿ ಫ್ರಾನ್ಸಿನ ದೊರೆ ಬದಲಾಗಿ, ಹಳೆಯ ಸರ್ಕಾರದೊಂದಿಗೆ ಆಗಿದ್ದ ಒಪ್ಪಂದ ಅಲ್ಲಾಡಿತು. ವರ್ಷಾಶನಕ್ಕಾಗಿ ಅವನು ವರ್ಷಗಟ್ಟಲೆ ಹೊಡೆದಾಡಬೇಕಾಯಿತು. ಹೊಸ ಪೀಳಿಗೆಯ ರುಚಿ ಅವನದಾಗಿರಲಿಲ್ಲ. ಜೊತೆಗೆ ಕೈಯಲ್ಲಿ ದುಡ್ಡಿತ್ತು. ಬಿಡುವುದಕ್ಕೆ ಇದು ಸಣ್ಣ ಕಾರಣವಲ್ಲ.

ಈ ಕತೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ರೊಸ್ಸೀನಿ ಮಾತ್ರ ಇಲ್ಲಿಗೆ ನಿಲ್ಲಲಿಲ್ಲ. ಬದುಕಿನ ಕೊನೆಯ ದಶಕದಲ್ಲಿ ಪ್ಯಾರಿಸ್ಸಿನ ಮನೆಯಲ್ಲಿ ಶನಿವಾರ ಸಂಜೆ ಗೆಳೆಯರನ್ನು ಕೂಡಿಸಿ, ಪಿಯಾನೋಗೆ, ಹಾಡಿಗೆ ಸಣ್ಣಸಣ್ಣ ರಚನೆಗಳನ್ನು ಬರೆಯತೊಡಗಿದ. ಅವುಗಳಿಗೆ ‘ಮುದಿತನದ ಪಾಪಗಳು’ ಎಂದು ಹೆಸರಿಟ್ಟ. ತನ್ನನ್ನು ನಾಲ್ಕನೇ ದರ್ಜೆಯ ಪಿಯಾನೋ ವಾದಕನೆಂದು ಕರೆದುಕೊಂಡ. ಅವು ನೂರೈವತ್ತರ ಸಮೀಪ ಇವೆ, ತುಂಟತನ ತುಂಬಿದ ರಚನೆಗಳು. ಅವನ್ನು ಅಚ್ಚಿಗೆ ಕೊಡುವ ಆತುರ ಅವನಿಗಿರಲಿಲ್ಲ. ಹಾಗಾದರೆ ಅವನು ಮೂವತ್ತೇಳಕ್ಕೆ ಬಿಟ್ಟದ್ದು ಒಪೆರಾ ಮಂದಿರದ ವ್ಯವಸ್ಥಾಪಕರನ್ನು, ಕರಾರುಗಳನ್ನು, ಗಾಯಕಿಯರ ಮುನಿಸನ್ನು. ಸಂಗೀತವನ್ನಲ್ಲ.

ಗ್ಲೆನ್ ಗೂಲ್ಡ್‌ ವಿಷಯದಲ್ಲಿ ಇದು ಇನ್ನೂ ನಿಚ್ಚಳ. ಕೆನಡಾದ ಈ ಪಿಯಾನೋ ವಾದಕ 1964ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸಿನಲ್ಲಿ ಕಛೇರಿ ಕೊಟ್ಟು ಎದ್ದವನು ಮತ್ತೆ ಸಭಿಕರ ಮುಂದೆ ಕೂರಲಿಲ್ಲ. ಆಗ ಅವನಿಗೆ ಮೂವತ್ತೊಂದು. ವೇದಿಕೆಯ ಮೇಲೆ ಕಲಾವಿದ ಯಾವಾಗ ಎಡವುತ್ತಾನೋ ಎಂದು ಜನ ಕಾದು ಕೂರುವುದನ್ನು ಅವನು ಸಹಿಸಲಿಲ್ಲ. ಆಮೇಲಿನ ಹದಿನೆಂಟು ವರ್ಷ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡುತ್ತ, ರೇಡಿಯೋ ಕಾರ್ಯಕ್ರಮ ಕಟ್ಟುತ್ತ ಕಳೆದ. ನಮ್ಮಲ್ಲಿ ಅನ್ನಪೂರ್ಣಾದೇವಿ ಇದ್ದರು, ಅಲ್ಲಾವುದ್ದೀನ್ ಖಾನರ ಮಗಳು. ಸುರ್‌ಬಹಾರ್‌ನಲ್ಲಿ ಅವರ ಸಮಕ್ಕೆ ಬರುವವರಿಲ್ಲ ಎಂಬ ಮಾತಿದ್ದ ಕಾಲದಲ್ಲೇ, ಐವತ್ತರ ದಶಕದಲ್ಲಿ, ಸಾರ್ವಜನಿಕ ಕಛೇರಿಗೆ ಬೆನ್ನು ಹಾಕಿದರು. 2018ರಲ್ಲಿ ತೀರಿಕೊಳ್ಳುವವರೆಗೂ ಆ ನಿರ್ಧಾರ ಮುರಿಯಲಿಲ್ಲ. ಮುಂಬೈಯ ಮನೆಯಲ್ಲಿ ಪಾಠ ನಿಲ್ಲಲಿಲ್ಲ. ನಿಖಿಲ್ ಬ್ಯಾನರ್ಜಿ, ಹರಿಪ್ರಸಾದ್ ಚೌರಾಸಿಯಾ ಅವರ ಶಿಷ್ಯರು. ರವಿಶಂಕರರೊಂದಿಗಿನ ದಾಂಪತ್ಯ ಹಳಸಿದ್ದನ್ನೇ ಇದಕ್ಕೆ ಕಾರಣವಾಗಿ ಹೇಳುತ್ತ ಬಂದ ಗಾಳಿಮಾತುಗಳಿಗೆ ಲೆಕ್ಕವಿಲ್ಲ. ನನಗೆ ಆ ಗಾಸಿಪ್‌ಗಿಂತ ಮುಖ್ಯವಾಗಿ ಕಾಣುವುದು, ಆರು ದಶಕ ಪ್ರೇಕ್ಷಕರಿಲ್ಲದೆ ನುಡಿಸಲು ಸಾಧ್ಯವಾಯಿತು ಎನ್ನುವುದು. ಗಾಯಕ ಟಿ.ಎಂ. ಕೃಷ್ಣ 2015ರಲ್ಲಿ ಚೆನ್ನೈನ ಡಿಸೆಂಬರ್ ಸೀಸನ್‌ನಲ್ಲಿ ಹಾಡುವುದಿಲ್ಲ ಎಂದಾಗಲೂ ಬಿಟ್ಟದ್ದು ಕರ್ನಾಟಕ ಸಂಗೀತವನ್ನಲ್ಲ, ಆ ಒಂದು ತಿಂಗಳ ಜಾತ್ರೆಯನ್ನು. 2024ರಲ್ಲಿ ಮ್ಯೂಸಿಕ್ ಅಕಾಡೆಮಿಯೇ ಅವರನ್ನು ‘ಸಂಗೀತ ಕಲಾನಿಧಿ’ ಎಂದು ಕರೆದು ಕೂರಿಸಿತು.

ಖುಷಿ ಹೇಗೆ ಹೋಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಪುಟ್ಟ ಮಕ್ಕಳಿಂದ ಹಿಡಿದು ನೋಡಿದ್ದಾರೆ. 1973ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗವೊಂದು ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ನಡೆದದ್ದು. ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್, ಬಣ್ಣದ ಪೆನ್ನಿನಲ್ಲಿ ಚಿತ್ರ ಬರೆಯುವುದೆಂದರೆ ಪ್ರಾಣ ಎನ್ನುವ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ‘ಚಿತ್ರ ಬರೆದರೆ ಚಿನ್ನದ ನಕ್ಷತ್ರ, ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡ್ತೀವಿ’ ಎಂದು ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ, ಬರೆದಾದ ಮೇಲೆ ಅದೇ ಪ್ರಶಸ್ತಿ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು, ಯಾವ ಆಮಿಷವೂ ಇಲ್ಲದಾಗ ಪೆನ್ನುಗಳನ್ನು ಮತ್ತೆ ಮುಂದಿಟ್ಟರೆ, ಮೊದಲೇ ಹೇಳಿಸಿಕೊಂಡು ಬಹುಮಾನ ಪಡೆದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಹೇಳದೆ ಬಂದ ಬಹುಮಾನದಿಂದ ಯಾವ ಹಾನಿಯೂ ಆಗಿರಲಿಲ್ಲ. (ಕನ್ನಡದ ಸಂಘಸಂಸ್ಥೆಗಳವರು ನೆಮ್ಮದಿಯಿಂದಿರಬಹುದು: ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿಯಿಂದ ಯಾರ ಸೃಜನಶೀಲತೆಯೂ ಸತ್ತಿರಲಾರದು. ಅದಕ್ಕಾಗಿಯೇ ಬರೆಯತೊಡಗಿದರೆ ಮಾತು ಬೇರೆ.)

ದೊಡ್ಡವರ ಮೇಲಿನ ಪ್ರಯೋಗ ಬಂದದ್ದು 1985ರಲ್ಲಿ. ತೆರೇಸಾ ಅಮಾಬಿಲೆ ಎಪ್ಪತ್ತೆರಡು ಯುವ ಬರಹಗಾರರಿಂದ ಕಿರುಗವಿತೆ ಬರೆಸಿದರು. ನಡುವೆ ಕೆಲವರಿಗೆ ‘ನಾನು ಯಾಕೆ ಬರೆಯುತ್ತೇನೆ’ ಎಂಬ ಕಾರಣಗಳ ಪಟ್ಟಿ ಕೊಟ್ಟು ಕ್ರಮದಲ್ಲಿ ಜೋಡಿಸಲು ಹೇಳಿದರು. ಒಂದು ಪಟ್ಟಿಯಲ್ಲಿದ್ದದ್ದೆಲ್ಲ ಬರವಣಿಗೆಯ ಒಳಗಿನ ಸುಖದ ಕಾರಣಗಳು. ಇನ್ನೊಂದರಲ್ಲಿ ಹೆಸರು, ಹಣ, ಮೇಲಿನವರ ಮೆಚ್ಚುಗೆ. ಈ ಎರಡನೇ ಪಟ್ಟಿಯೊಂದಿಗೆ ಐದು ನಿಮಿಷ ಕಳೆದವರು ಆಮೇಲೆ ಬರೆದ ಕವಿತೆಗಳು ಕಳೆಗುಂದಿದ್ದವು ಎಂದು, ಯಾರ ಕವಿತೆ ಯಾವುದೆಂದು ತಿಳಿಯದ ಕವಿಗಳೇ ತೀರ್ಪು ಕೊಟ್ಟರು. ಕೇವಲ ಐದು ನಿಮಿಷ! ಇಂಥ ಪ್ರಯೋಗಗಳ ಬಗ್ಗೆ ತಕರಾರುಗಳೂ ಎದ್ದವು. ಬಹುಮಾನ ನಿಜಕ್ಕೂ ಉತ್ಸಾಹ ಕೊಲ್ಲುತ್ತದೆಯೇ ಎಂದು ತೊಂಬತ್ತರ ದಶಕದಲ್ಲಿ ದೊಡ್ಡ ಜಗಳವೇ ನಡೆಯಿತು. ಬಾಯಿಮಾತಿನ ಹೊಗಳಿಕೆ ಉತ್ಸಾಹ ಹೆಚ್ಚಿಸುತ್ತದೆ ಎಂಬುದನ್ನು ಎರಡೂ ಕಡೆಯವರು ಒಪ್ಪಿದರು. ನನಗೆ ಅನಿಸುವುದು, ದುಡ್ಡು ಇಲ್ಲಿ ಖಳನಾಯಕನಲ್ಲ. ಕೆಲಸದ ದಿಕ್ಕನ್ನು ಯಾರು ಹಿಡಿದಿದ್ದಾರೆ ಎಂಬುದೇ ಪ್ರಶ್ನೆ.

ಬೆಂಗಳೂರಿನ ಧಾರಾವಾಹಿ ಜಗತ್ತಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಅಲ್ಲಿ ಕತೆ ಒಬ್ಬರದು, ಚಿತ್ರಕತೆ ಇನ್ನೊಬ್ಬರದು, ಡೈಲಾಗ್ ಮತ್ತೊಬ್ಬರದು. ವಾರಕ್ಕೆ ಐದಾರು ಎಪಿಸೋಡ್. ಪ್ರಸಾರಕ್ಕೆ ಮುಂಚೆ ಇಂತಿಷ್ಟು ಎಪಿಸೋಡ್ ‘ಬ್ಯಾಂಕಿಂಗ್’ ಇರಬೇಕು. ಅದು ಕರಗಿದ ವಾರ ಸಂಭಾಷಣೆಕಾರ ಸೆಟ್ಟಿನ ಮೂಲೆಯಲ್ಲೇ ಕೂತು ಬರೆದು ವಾಟ್ಸಾಪಿನಲ್ಲಿ ಸೀನ್ ಕಳಿಸುತ್ತಾನೆ. ಪ್ರತಿ ಗುರುವಾರ ರೇಟಿಂಗ್ ಬರುತ್ತದೆ. ಸಂಖ್ಯೆ ಇಳಿದಿದ್ದರೆ ಶುಕ್ರವಾರದ ಮೀಟಿಂಗಿನಲ್ಲಿ ಸತ್ತವಳು ಬದುಕುತ್ತಾಳೆ, ಒಳ್ಳೆಯ ಅತ್ತಿಗೆ ಕೆಟ್ಟವಳಾಗುತ್ತಾಳೆ. ಇವರಲ್ಲಿ ಹಲವರು ಹವ್ಯಾಸಿ ನಾಟಕ ತಂಡಗಳಿಂದ, ಸಾಹಿತ್ಯದಿಂದ ಬಂದವರು. ತಮ್ಮ ಪಾತ್ರ ಮುಂದಿನ ವಾರ ಏನು ಮಾಡುತ್ತದೆ ಎಂಬುದು ಬರೆಯುವವರಿಗೇ ಗೊತ್ತಿರುವುದಿಲ್ಲ. ಸಂಬಳ ಕಡಿಮೆ ಎಂದು ಬಿಟ್ಟವರಿಗಿಂತ, ಸಂಬಳ ಚೆನ್ನಾಗಿದ್ದೂ ಇದಕ್ಕೇ ಬಿಟ್ಟವರ ಮಾತುಗಳು ನನಗೆ ಹೆಚ್ಚು ಕೇಳಿಸಿವೆ. ಅವರಲ್ಲಿ ಕೆಲವರಿಗೆ ಬಿಟ್ಟ ಮೇಲೂ ತಿಂಗಳುಗಟ್ಟಲೆ ತಮ್ಮದೇ ಒಂದು ಸಾಲು ಬರೆಯಲಾಗಲಿಲ್ಲವಂತೆ. ಎಲ್ಲ ಪಾತ್ರಗಳೂ ಎಪಿಸೋಡಿನ ಕೊನೆಗೆ ತಿರುಗಿ ಕ್ಯಾಮೆರಾ ನೋಡುತ್ತಿದ್ದವಂತೆ.

ದಿಕ್ಕನ್ನು ಬೇರೆಯವರಿಗೆ ಬಿಟ್ಟುಕೊಡದೆ ಹೋರಾಡಿ, ಗೆದ್ದು, ಕೊನೆಗೆ ಬಿಟ್ಟವನು ಅಮೆರಿಕದ ವ್ಯಂಗ್ಯಚಿತ್ರಕಾರ ಬಿಲ್ ವಾಟರ್ಸನ್. ‘ಕ್ಯಾಲ್ವಿನ್ ಅಂಡ್ ಹಾಬ್ಸ್’ 1985ರ ನವೆಂಬರಿನಲ್ಲಿ ಶುರುವಾಗಿ, ಕೀರ್ತಿ ತುದಿ ಮುಟ್ಟಿದ್ದಾಗ ಎರಡು ಸಾವಿರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಬರುತ್ತಿತ್ತು. ಆ ಹುಡುಗ, ಆ ಹುಲಿ ಗೊಂಬೆಗಳಾಗಿ, ಟೀಶರ್ಟ್ ಆಗಿ ಅಂಗಡಿಗೆ ಬಂದರೆ ಕೋಟಿಗಟ್ಟಲೆ ಡಾಲರ್ ಎಂದು ಸಿಂಡಿಕೇಟಿನವರು ಬೆನ್ನುಬಿದ್ದರು. ವಾಟರ್ಸನ್ ವರ್ಷಗಳ ಕಾಲ ಒಪ್ಪಲಿಲ್ಲ. ಕೊನೆಗೆ ಅವನ ಮಾತೇ ನಿಂತಿತು. ಎರಡು ಸಲ ದೀರ್ಘ ರಜೆಯನ್ನೂ ಪಡೆದ. ಅಷ್ಟಾದರೂ 1995ರ ಡಿಸೆಂಬರ್ 31ಕ್ಕೆ ನಿಲ್ಲಿಸಿದ. ದಿನದ ಗಡುವು, ಅಂಗೈಯಗಲದ ಚೌಕಟ್ಟು, ಇವುಗಳ ಒಳಗೆ ಮಾಡಬಹುದಾದ್ದನ್ನೆಲ್ಲ ಮಾಡಿ ಮುಗಿಸಿದ್ದೇನೆ ಎಂಬುದು ಸಂಪಾದಕರಿಗೆ ಬರೆದ ಕಾಗದದ ಸಾರ. ಮಾಲೀಕತ್ವದ ಜಗಳದಲ್ಲಿ ಗೆದ್ದರೂ, ಜಗಳಕ್ಕೆ ಖರ್ಚಾದ ಹುರುಪು ವಾಪಸು ಬರಲಿಲ್ಲ ಎಂದು ಆ ಕತೆಯನ್ನು ಓದುತ್ತೇನೆ.

ಗೆಲ್ಲುವ ಅವಕಾಶವೇ ಇಲ್ಲದವರೂ ಇದ್ದಾರೆ. 2013ರ ಫೆಬ್ರವರಿಯಲ್ಲಿ ‘ಲೈಫ್ ಆಫ್ ಪೈ’ ಚಿತ್ರದ ಹುಲಿಯನ್ನು ಸೃಷ್ಟಿಸಿದ ರಿದಮ್ ಅಂಡ್ ಹ್ಯೂಸ್ ಸ್ಟುಡಿಯೋ ದಿವಾಳಿ ಅರ್ಜಿ ಹಾಕಿತು. ಅದೇ ತಿಂಗಳು ಆ ಕೆಲಸಕ್ಕೆ ಆಸ್ಕರ್ ಬಂತು. ವೇದಿಕೆಯ ಮೇಲೆ ಆ ಸಂಕಟದ ಮಾತು ಶುರುವಾಗುತ್ತಿದ್ದಂತೆ ಹಿನ್ನೆಲೆಯಲ್ಲಿ ‘ಜಾಸ್’ ಚಿತ್ರದ ಸಂಗೀತ ಏರಿಸಿ ಮೈಕ್ ಮುಚ್ಚಿದರು. 2025ರ ಆರಂಭದಲ್ಲಿ ಇಂಥದೇ ಕೆಲಸದ ಟೆಕ್ನಿಕಲರ್ ಕಂಪನಿ ಕುಸಿದಾಗ ಬೆಂಗಳೂರಿನ ಕಚೇರಿಯ ಬಾಗಿಲೂ ಮುಚ್ಚಿತು. ಸಿಂಹದ ಕೇಸರದ ಒಂದೊಂದು ಎಳೆಗೂ ಗಾಳಿ ಬೀಸುವಂತೆ ಮಾಡುತ್ತಿದ್ದ ಹುಡುಗ ಹುಡುಗಿಯರು ಏಕಾಏಕಿ ಬೀದಿಗೆ ಬಂದರು. ಅವರು ತಾವಾಗಿ ಬಿಟ್ಟವರಲ್ಲ. ಆದರೆ ಅಂಥ ಪೆಟ್ಟು ತಿಂದವರು ಮತ್ತೊಂದು ಸ್ಟುಡಿಯೋ ಹುಡುಕದೆ ಬೇರೆ ದಾರಿ ಹಿಡಿದರೆ ಅದನ್ನು ಸೋಲೆನ್ನುವುದು ಅನ್ಯಾಯ.

ಕನ್ನಡ ಸಾಹಿತ್ಯದ ಕತೆ ಇದಕ್ಕೆ ತಿರುಗುಮುರುಗು. ಇಲ್ಲಿ ಬರವಣಿಗೆಯಿಂದಲೇ ಬದುಕಿದವರು ಬೆರಳೆಣಿಕೆ. ಮೇಷ್ಟ್ರು, ಬ್ಯಾಂಕು, ಪೋಸ್ಟಾಫೀಸು, ಆಕಾಶವಾಣಿ, ಪತ್ರಿಕೆ, ಹೀಗೆ ಅನ್ನ ಬೇರೆ ಕಡೆಯಿಂದ ಬರುತ್ತಿತ್ತು. ರಾತ್ರಿ ಊಟವಾದ ಮೇಲೆ ಬರೆಯುತ್ತಿದ್ದರು. ಸಂಬಳವಿಲ್ಲದ ಕೆಲಸ ಬಿಡಲು ನೋಟೀಸ್ ಬೇಕಿಲ್ಲ. ಹಾಗಾಗಿ ಕನ್ನಡದ ಲೇಖಕರು ನಿವೃತ್ತಿ ಘೋಷಿಸುವುದಿಲ್ಲ, ಸದ್ದಿಲ್ಲದೆ ಸುಮ್ಮನಾಗುತ್ತಾರೆ. ಐವತ್ತರ ದಶಕದಲ್ಲಿ ‘ಸಂಗಮ’ದ ಕತೆಗಳನ್ನು ಬರೆದ ರಾಜಲಕ್ಷ್ಮಿ ಎನ್. ರಾವ್ ಹಾಗೆ ಸುಮ್ಮನಾದವರು. ನವ್ಯ ಕತೆ ಎಂಬ ಹಣೆಪಟ್ಟಿ ಗಟ್ಟಿಯಾಗುವ ಮೊದಲೇ ಆ ದಾರಿಯಲ್ಲಿ ನಡೆದವರು, ಸ್ವಲ್ಪ ಕಾಲ ಬರೆದು ಸಾಹಿತ್ಯದಿಂದಲೇ ದೂರವಾದರು. ನಮ್ಮ ವಿಮರ್ಶೆ ಅವರು ಬರೆದದ್ದರ ಬಗ್ಗೆ ತಡವಾಗಿಯಾದರೂ ಮಾತಾಡಿತು. ನಿಲ್ಲಿಸಿದ್ದರ ಬಗ್ಗೆ ಮಾತಾಡುವ ಭಾಷೆ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಬಂಗಾಳಿಯ ಸಮರ್ ಸೇನ್ ಮೂವತ್ತಕ್ಕೆ ಕವಿತೆ ನಿಲ್ಲಿಸಿದ್ದನ್ನು ಅಲ್ಲಿನವರು ಇವತ್ತಿಗೂ ಚರ್ಚಿಸುತ್ತಾರೆ. ಆತ ಮುಂದೆ ‘ಫ್ರಂಟಿಯರ್’ ವಾರಪತ್ರಿಕೆ ಕಟ್ಟಿದ.

ನಮ್ಮಲ್ಲಿ ಅಂಥ ತಿರುವನ್ನು ಬಾಯಿಬಿಟ್ಟು ಹೇಳಿದವರೆಂದರೆ ಪೂರ್ಣಚಂದ್ರ ತೇಜಸ್ವಿ. ಕವಿತೆ ಬರೆದರು, ಬಿಟ್ಟರು. ‘ಸ್ವರೂಪ’ದಂಥ ನವ್ಯದ ಕೃತಿ ಬರೆದರು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ಆ ಮಾರ್ಗ ತಮಗೆ ಸಾಕಾಗಿದೆ ಎಂದು ಖಡಾಖಂಡಿತವಾಗಿ ಬರೆದರು. ಆಮೇಲೆ ಮೂಡಿಗೆರೆಯ ತೋಟ, ಹಕ್ಕಿಗಳ ಫೋಟೋ, ಮೀನಿನ ಗಾಳ, ಕಂಪ್ಯೂಟರಿನಲ್ಲಿ ಕನ್ನಡ. ಅದರ ನಡುವೆಯೇ ‘ಕರ್ವಾಲೊ’. ನವ್ಯರಲ್ಲಿ ಕೆಲವರಿಗೆ ಆ ಮುನ್ನುಡಿ ದ್ರೋಹದಂತೆ ಕಂಡಿತ್ತು. ಇವತ್ತು ಅದನ್ನು ಕನ್ನಡ ಕಥನದ ಹೊಸ ಬಾಗಿಲೆಂದು ಪಾಠ ಮಾಡುತ್ತೇವೆ. ಲಂಕೇಶರು ಮೊದಲ ಚಿತ್ರ ‘ಪಲ್ಲವಿ’ಗೇ ನಿರ್ದೇಶನದ ರಾಷ್ಟ್ರಪ್ರಶಸ್ತಿ ತಂದರು, ನಾಲ್ಕನೇ ಚಿತ್ರವಾದ ಮೇಲೆ ಸಿನಿಮಾ ಬಿಟ್ಟು 1980ರಲ್ಲಿ ಪತ್ರಿಕೆ ಶುರುಮಾಡಿದರು. ಅವರನ್ನು ಸೋತ ನಿರ್ದೇಶಕ ಎಂದು ಯಾರಾದರೂ ಕರೆದದ್ದು ನಾನು ಕೇಳಿಲ್ಲ. ಮುಂದೇನು ಮಾಡಿದರು ಎಂಬುದರ ಬೆಳಕಿನಲ್ಲೇ ಬಿಟ್ಟದ್ದನ್ನು ಅಳೆಯುತ್ತೇವೆ. ಮುಂದೆ ಏನನ್ನೂ ಮಾಡದೆ ನೆಮ್ಮದಿಯಾಗಿ ಇದ್ದುಬಿಟ್ಟವರಿಗೆ ಈ ರಿಯಾಯಿತಿ ಸಿಗುವುದಿಲ್ಲ.

ಈಗ ಅಪವಾದಗಳಿಗೆ ಬರಬೇಕು. ಮಾರುಕಟ್ಟೆ, ಗಡುವು, ಕರಾರು ಯಾವುದೂ ಕೊರಳು ಹಿಸುಕದಿದ್ದರೂ ಖುಷಿ ಬತ್ತಿಹೋದವನು ಫಿನ್ಲೆಂಡಿನ ಸಂಗೀತ ಸಂಯೋಜಕ ಸಿಬೇಲಿಯಸ್. ಅವನಿಗೆ ಮೂವತ್ತರ ಹರೆಯದಿಂದಲೇ ಸರ್ಕಾರದ ವರ್ಷಾಶನವಿತ್ತು. ದೇಶವೇ ಅವನನ್ನು ತನ್ನ ದನಿ ಎಂದುಕೊಂಡಿತ್ತು. 1924ರಲ್ಲಿ ಏಳನೇ ಸಿಂಫನಿ, 1926ರಲ್ಲಿ ‘ತಾಪಿಯೋಲ’. ಆಮೇಲೆ ಮೂವತ್ತು ವರ್ಷ ದೊಡ್ಡದೊಂದು ರಚನೆಯೂ ಹೊರಬರಲಿಲ್ಲ. ಎಂಟನೇ ಸಿಂಫನಿ ಬರುತ್ತದೆ ಎಂದು ಬಾಸ್ಟನ್ ಕಾಯಿತು, ಲಂಡನ್ ಕಾಯಿತು. ಅವನು ಮಾತು ಕೊಡುತ್ತಲೇ ಹೋದ, ಮುಂದೂಡುತ್ತಲೇ ಹೋದ. ನಲವತ್ತರ ದಶಕದಲ್ಲಿ ಒಂದು ದಿನ ಐನೋಲ ಎಂಬ ತನ್ನ ಮನೆಯಲ್ಲಿ ಬಟ್ಟೆ ಬುಟ್ಟಿ ತುಂಬ ಹಸ್ತಪ್ರತಿಗಳನ್ನು ತುಂಬಿ ತಂದು ಊಟದ ಕೋಣೆಯ ಅಗ್ಗಿಷ್ಟಿಕೆಗೆ ಹಾಕಿದ. ಎಂಟನೆಯದೂ ಅದರಲ್ಲೇ ಹೋಯಿತೆಂದು ನಂಬಲಾಗಿದೆ. ಹೆಂಡತಿ ಐನೋಗೆ ಅದನ್ನು ನೋಡುತ್ತ ಅಲ್ಲಿ ನಿಲ್ಲಲಾಗಲಿಲ್ಲ. ಅವಳೇ ಮುಂದೆ ನೆನಪಿಸಿಕೊಂಡಂತೆ, ಸುಟ್ಟ ಮೇಲೆ ಗಂಡ ಸಮಾಧಾನಿಯಾದ, ಹಗುರಾದ, ಮನೆಯಲ್ಲಿ ನಗು ಬಂತು.

ಈ ಕೊನೆಯ ಮಾತನ್ನು ಸಂಗೀತಪ್ರಿಯರು ಸಾಮಾನ್ಯವಾಗಿ ಹಾರಿಸುತ್ತಾರೆ. ಅವರಿಗೆ ಅದು ನಷ್ಟದ ಕತೆ. ನಿಜ, ಜಗತ್ತು ಒಂದು ಸಿಂಫನಿಯನ್ನು ಕಳೆದುಕೊಂಡಿತು. ಆದರೆ ಆ ಮನೆಯಲ್ಲಿ ಒಬ್ಬ ಮುದುಕನೂ ಇದ್ದ, ಎರಡು ದಶಕ ತನ್ನದೇ ಹಿಂದಿನ ಎತ್ತರಕ್ಕೆ ತಲೆ ಎತ್ತಿ ನೋಡಿ ನೋಡಿ ಕತ್ತು ನೋಯಿಸಿಕೊಂಡವನು. ಇಲ್ಲಿ ಬೆಸುಗೆ ಕಲೆಗೂ ಪೇಟೆಗೂ ನಡುವಿನದಲ್ಲ. ಕಲಾವಿದನಿಗೂ ಅವನ ಹೆಸರಿಗೂ ನಡುವಿನದು. ಅದನ್ನು ಬಿಡಿಸಿಕೊಳ್ಳಲು ಬೆಂಕಿಯೇ ಬೇಕಾಯಿತು. ಶಂಕರಾಭರಣವನ್ನೋ ಯಮನನ್ನೋ ದಿನಾ ಹಾಡುವ ನಮ್ಮ ಸಂಗೀತಗಾರರಿಗೆ ಈ ಸಂಕಟ ಸ್ವಲ್ಪ ಕಡಿಮೆ ಎಂದು ನನ್ನ ಗುಮಾನಿ, ಹೊಸದನ್ನೇ ಕಟ್ಟಬೇಕೆಂಬ ಹೊರೆ ಅವರ ಹೆಗಲ ಮೇಲೆ ಅಷ್ಟಿಲ್ಲವಾದ್ದರಿಂದ.

ಖುಷಿ ಕಳೆದುಕೊಳ್ಳದೆ, ಕೆಲಸ ಮುಗಿಯಿತೆಂದು ಎದ್ದವರನ್ನು ಈ ಪಟ್ಟಿಗೆ ಸೇರಿಸಬಾರದು. ಎಸ್. ಜಾನಕಿ 2017ರ ಅಕ್ಟೋಬರ್ 28ರಂದು ಮೈಸೂರಿನಲ್ಲಿ ತಮ್ಮ ಕೊನೆಯ ವೇದಿಕೆ ಕಾರ್ಯಕ್ರಮ ಹಾಡಿದಾಗ ಎಪ್ಪತ್ತೊಂಬತ್ತು ವರ್ಷ; ಹಾಡಿದ್ದು ಸಾಕೆಂಬ ತೃಪ್ತಿ ಅದು. ಭೈರಪ್ಪ 2017ರ ‘ಉತ್ತರಕಾಂಡ’ದ ನಂತರ ಕಾದಂಬರಿ ಬರೆಯಲಿಲ್ಲ. ಅಮೆರಿಕದ ಕಾದಂಬರಿಕಾರ ಫಿಲಿಪ್ ರಾತ್, ಖುಷಿ ಬತ್ತಿ ಬಿಟ್ಟವರಿಗೂ ಕೆಲಸ ಮುಗಿಸಿ ಎದ್ದವರಿಗೂ ನಡುವಿನವನು. 2012ರಲ್ಲಿ ಫ್ರೆಂಚ್ ಪತ್ರಿಕೆಯೊಂದಕ್ಕೆ ಇನ್ನು ಬರೆಯುವುದಿಲ್ಲ ಎಂದ. ಅದಕ್ಕೆ ಮುಂಚೆ ತನ್ನ ಪುಸ್ತಕಗಳನ್ನು ಕೊನೆಯದರಿಂದ ಮೊದಲಿಟ್ಟು ಓದಿ ನೋಡಿದ್ದ. ಕಾದಾಟ ಮುಗಿಯಿತು ಎಂಬರ್ಥದ ಚೀಟಿಯೊಂದನ್ನು ಕಂಪ್ಯೂಟರಿಗೆ ಅಂಟಿಸಿಕೊಂಡ. ಚೊಚ್ಚಲ ಕಾದಂಬರಿ ಕೊಡಲು ಬಂದ ತರುಣನಿಗೆ, ಈಗಲೇ ಬಿಟ್ಟುಬಿಡು, ಇದು ಚಿತ್ರಹಿಂಸೆ ಎಂದೂ ಉಪದೇಶಿಸಿದ. ಲೇಖಕಿ ಎಲಿಜಬೆತ್ ಗಿಲ್ಬರ್ಟ್ ಇದನ್ನು ಓದಿ ರೇಗಿದರು. ಜಗತ್ತಿನ ಉಳಿದ ಕೆಲಸಗಳ ಮುಂದೆ ಬರವಣಿಗೆ ಎಂಥ ಭಾಗ್ಯ ಎಂದರು. ಇಬ್ಬರೂ ಸರಿ. ಮೂವತ್ತಕ್ಕೂ ಹೆಚ್ಚು ಪುಸ್ತಕ ಬರೆದವನಿಗೆ ಅದು ಚಿತ್ರಹಿಂಸೆಯೂ ಆಗಿತ್ತು, ಬಿಡಲಾರದ ಭಾಗ್ಯವೂ ಆಗಿತ್ತು.

ಬಿಡಬೇಕೇ ಎಂದು ಈಗ ಯೋಚಿಸುತ್ತಿರುವವರಿಗೆ ಸಂಬಂಧಿಸಿದ ಒಂದು ವ್ಯತ್ಯಾಸವನ್ನು ಇಲ್ಲೇ ಹೇಳಬೇಕು. ‘ಬರ್ನ್‌ಔಟ್’ ಎಂಬ ಮಾತನ್ನು 1974ರಲ್ಲಿ ಫ್ರಾಯ್ಡನ್‌ಬರ್ಗರ್ ಚಾಲ್ತಿಗೆ ತಂದರು. ಕ್ರಿಸ್ಟಿನಾ ಮಾಸ್ಲಾಕ್ ಅದರಲ್ಲಿ ಮೂರು ಎಳೆ ಗುರುತಿಸಿದರು: ಬಳಲಿಕೆ, ಕೆಲಸದ ಬಗ್ಗೆ ತಾತ್ಸಾರ, ನನ್ನಿಂದೇನೂ ಆಗುತ್ತಿಲ್ಲ ಎಂಬ ಭಾವ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತೇ ಹೊರತು ಕಾಯಿಲೆ ಎನ್ನಲಿಲ್ಲ. ಖಿನ್ನತೆ ಹಾಗಲ್ಲ. ತಂಬೂರಿ ಮುಟ್ಟಲು ಮನಸ್ಸಿಲ್ಲದಿದ್ದರೂ ಗೆಳೆಯರ ಹರಟೆ, ಮಸಾಲೆ ದೋಸೆ, ಮಗಳ ಶಾಲೆಯ ಕತೆ ಹಿಡಿಸುತ್ತಿದ್ದರೆ ಸಮಸ್ಯೆ ಕೆಲಸದ್ದು. ಇವೆಲ್ಲವೂ ರುಚಿಗೆಟ್ಟು, ನಿದ್ದೆ ಕೆಟ್ಟು ಎರಡು ವಾರ ದಾಟಿದ್ದರೆ, ಬಿಡುವ ನಿರ್ಧಾರವನ್ನು ಪಕ್ಕಕ್ಕಿಟ್ಟು ಮೊದಲು ವೈದ್ಯರನ್ನು ಕಾಣಬೇಕು. ನಿಮ್ಹಾನ್ಸ್ ಮುಂದಾಳತ್ವದ ‘ಟೆಲಿ ಮಾನಸ್’ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಖಿನ್ನತೆ ಹೇಳಿದ್ದನ್ನು ಕಲೆ ಹೇಳಿತೆಂದು ತಪ್ಪು ತಿಳಿದು ವೀಣೆ ಮಾರಿದವರಿದ್ದಾರೆ.

ದಣಿವಿಗೆ ಹಳಬರು ಒಂದು ಏರ್ಪಾಡು ಮಾಡಿಕೊಂಡಿದ್ದರು. ಕರಾವಳಿಯ ಯಕ್ಷಗಾನ ಮೇಳಗಳು ನವೆಂಬರ್ ಹೊತ್ತಿಗೆ ತಿರುಗಾಟಕ್ಕೆ ಹೊರಟು ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಆರು ತಿಂಗಳು ರಾತ್ರಿ ಆಟ, ಹಗಲು ನಿದ್ದೆ. ಮಳೆಗಾಲದಲ್ಲಿ ಮನೆ, ಗದ್ದೆ. ಮರುವರ್ಷ ಮೇಳ ಸೇರಬೇಕೇ, ಯಾವ ಮೇಳ, ಬೇಡವೇ ಎಂದು ಯೋಚಿಸಲು ಆ ಬಿಡುವು ಸಾಕಿತ್ತು. ಅರ್ಧ ತಿರುಗಾಟದಲ್ಲಿ ಬಿಟ್ಟರೆ ಅಪವಾದ, ಪತ್ತನಾಜೆಯ ನಂತರ ಬಿಟ್ಟರೆ ಯಾವ ಅಪವಾದವೂ ಇಲ್ಲ. ಈಗ ಹೆಸರಾಂತ ವೇಷಧಾರಿ, ಭಾಗವತರಿಗೆ ಮಳೆಗಾಲದಲ್ಲೂ ಬೆಂಗಳೂರು, ಮುಂಬೈಯಲ್ಲಿ ಆಟಗಳು. ಉಳಿದವರಿಗೆ ಮನೆಮನೆಗೆ ಹೋಗುವ ಚಿಕ್ಕಮೇಳ. ಸಂಪಾದನೆ ಬೇಕು, ಬೇಡವೆನ್ನಲಾಗದು. ಆದರೆ ಕಳೆದುಹೋದದ್ದು ಬರೀ ವಿಶ್ರಾಂತಿಯಲ್ಲ, ಮರ್ಯಾದೆಯಿಂದ ಹೊರಬರುವ ಬಾಗಿಲು ಕೂಡ.

ಬಾಗಿಲು ತೆರೆದಿದ್ದರೂ ಕಾಲು ಏಳದಿರಲು ಇನ್ನೊಂದು ಕಾರಣವಿದೆ. ‘ಹದಿನೈದು ವರ್ಷ ಇದಕ್ಕೇ ಸುರಿದಿದ್ದೀನಿ, ಈಗ ಬಿಡೋದಾ?’ ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಿದ್ದು ನಾಟಕದ ಟಿಕೆಟ್ಟಿನಲ್ಲೇ. ಒಹಾಯೋ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಇಡೀ ಋತುವಿನ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆಗೆ, ಕೆಲವರಿಗೆ ಇದ್ದಕ್ಕಿದ್ದಂತೆ ರಿಯಾಯಿತಿಗೆ ಕೊಟ್ಟರು. ನಾಟಕಗಳು ಅ‍ವೇ. ಆದರೆ ಋತುವಿನ ಮೊದಲರ್ಧದಲ್ಲಿ ಪೂರ್ತಿ ದುಡ್ಡು ತೆತ್ತವರೇ ಹೆಚ್ಚು ನಾಟಕಕ್ಕೆ ಹೋದರು. 1985ರಲ್ಲಿ ಪ್ರಕಟವಾದ ಈ ಫಲಿತಾಂಶ ನೆನಪಾದಾಗಲೆಲ್ಲ, ಎಷ್ಟು ಕಲಾವಿದರು ತಾವೇ ಕೊಂಡ ದುಬಾರಿ ಟಿಕೆಟ್ಟಿಗಾಗಿ ಇನ್ನೂ ಕುರ್ಚಿಯಲ್ಲಿ ಕೂತಿದ್ದಾರೋ ಎನಿಸುತ್ತದೆ. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಇನ್ನೂ ತಮಾಷೆಯ ಕೆಲಸ ಮಾಡಿದ. ಕೆಲಸ ಬಿಡಲೋ ಬೇಡವೋ ಎಂಬಂಥ ನಿರ್ಧಾರಗಳಲ್ಲಿ ತೊಳಲುವವರಿಗಾಗಿ ಅಂತರ್ಜಾಲದಲ್ಲಿ ನಾಣ್ಯ ಚಿಮ್ಮುವ ತಾಣ ತೆರೆದ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಿತು. ಆರು ತಿಂಗಳ ನಂತರ ವಿಚಾರಿಸಿದರೆ, ದೊಡ್ಡ ವಿಷಯಗಳಲ್ಲಿ ಬದಲಾವಣೆ ಮಾಡಿಕೊಂಡವರು ಇದ್ದಲ್ಲೇ ಇದ್ದವರಿಗಿಂತ ಸುಖವಾಗಿದ್ದರು. ನಾಣ್ಯ ಚಿಮ್ಮಲು ಬರುವಷ್ಟು ಹೊಯ್ದಾಡುವವರ ಮಟ್ಟಿಗೆ ಮಾತ್ರ ಈ ಮಾತು, ಎಲ್ಲರಿಗಲ್ಲ.

ಬಿಟ್ಟವರು ಮರಳುವುದೂ ಉಂಟು. ಜಪಾನಿನ ಅನಿಮೇಷನ್ ನಿರ್ದೇಶಕ ಮಿಯಾಝಾಕಿ 2013ರಲ್ಲಿ ಪತ್ರಿಕಾಗೋಷ್ಠಿ ಕರೆದು ನಿವೃತ್ತಿ ಹೇಳಿದ. 2023ರಲ್ಲಿ ಹೊಸ ಚಿತ್ರ ಬಂತು, ಅದಕ್ಕೆ ಆಸ್ಕರ್ ಕೂಡ. ಅವನ ವಿದಾಯಗಳನ್ನು ಜಪಾನಿನಲ್ಲೇ ಯಾರೂ ನಂಬುವುದಿಲ್ಲ. ಡೇನಿಯಲ್ ಡೇ-ಲೂಯಿಸ್ 2017ರಲ್ಲಿ ನಟನೆ ಬಿಟ್ಟು, 2025ರಲ್ಲಿ ಮಗ ನಿರ್ದೇಶಿಸಿದ ಚಿತ್ರಕ್ಕೆ ಬಂದ. ವಾಟರ್ಸನ್ 2023ರಲ್ಲಿ ಇನ್ನೊಬ್ಬ ಚಿತ್ರಕಾರನ ಜೊತೆ ಸೇರಿ ಪುಟ್ಟ ಪುಸ್ತಕವೊಂದನ್ನು ತಂದ, ಹುಡುಗನೂ ಇಲ್ಲ ಹುಲಿಯೂ ಇಲ್ಲ. ನೃತ್ಯ ಕಲಾವಿದೆ ಚಂದ್ರಲೇಖಾ ಭರತನಾಟ್ಯದ ವೇದಿಕೆಯಿಂದ ವರ್ಷಗಟ್ಟಲೆ ದೂರವಿದ್ದು 1985ರಲ್ಲಿ ‘ಆಂಗಿಕ’ದೊಂದಿಗೆ ಬಂದಾಗ ದೇವದೇವಿಯರ ಕತೆಗಳಿರಲಿಲ್ಲ, ದೇಹವೇ ವಸ್ತುವಾಗಿತ್ತು. ಮರಳಿ ಗೆದ್ದವರಲ್ಲಿ ಕೆಲವರು ಬಿಟ್ಟ ಜಾಗಕ್ಕೇ ಮರಳಲಿಲ್ಲ ಎನ್ನುವುದು ಗಮನಿಸಬೇಕಾದ್ದು.

ರೊಸ್ಸೀನಿಗೆ ವರ್ಷಾಶನ, ಸಿಬೇಲಿಯಸ್‌ಗೆ ಸರ್ಕಾರದ ಹಣ, ವಾಟರ್ಸನ್‌ಗೆ ಪುಸ್ತಕಗಳ ಗೌರವಧನ. ಬಿಡುವುದಕ್ಕೂ ಬಂಡವಾಳ ಬೇಕು. ಐರ್ಲೆಂಡ್ 2022ರಲ್ಲಿ ಎರಡು ಸಾವಿರ ಕಲಾವಿದರನ್ನು ಚೀಟಿ ಎತ್ತಿ ಆರಿಸಿ, ಮೂರು ವರ್ಷ ವಾರಕ್ಕೆ 325 ಯೂರೋ ಕೊಟ್ಟು ನೋಡಿತು. ಏನು ಮಾಡಿದಿರಿ ಎಂದು ಲೆಕ್ಕ ಕೇಳಲಿಲ್ಲ. ಹಣ ಸಿಗದವರೊಂದಿಗೆ ಹೋಲಿಸಿದರೆ ಸಿಕ್ಕವರು ಕಲೆಗೆ ಹೆಚ್ಚು ಹೊತ್ತು ಕೊಟ್ಟರು, ಆತಂಕ ಖಿನ್ನತೆ ಅವರಲ್ಲಿ ಕಡಿಮೆ ಕಂಡಿತು. ಕಲಾವಿದರಿಗೆ ಹೊಟ್ಟೆ ತುಂಬಿದರೆ ಕಿಚ್ಚು ಆರುತ್ತದೆ ಎಂಬ ನಮ್ಮ ರಮ್ಯ ನಂಬಿಕೆಗೆ ಇದರಲ್ಲಿ ಆಧಾರ ಸಿಗಲಿಲ್ಲ. ಕರ್ನಾಟಕದಲ್ಲಿರುವುದು ವಯಸ್ಸಾದ, ಕಷ್ಟದಲ್ಲಿರುವ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ. ಅದು ಬೇಕು, ಹೆಚ್ಚಬೇಕು. ಆದರೆ ನಲವತ್ತರ ಆಸುಪಾಸಿನ ಸಂಭಾಷಣೆಕಾರನೋ, ಆರ್ಕೆಸ್ಟ್ರಾ ಗಾಯಕಿಯೋ, ಅನಿಮೇಷನ್ ಕಲಾವಿದನೋ ಆರು ತಿಂಗಳು ನಿಲ್ಲಿಸಿ, ತನಗೆ ಬೇಸರ ಬಂದದ್ದು ಹಾಡಿನ ಮೇಲೋ ಹಾಡಿಸುವವರ ಮೇಲೋ ಎಂದು ತಿಳಿದುಕೊಳ್ಳುತ್ತೇನೆಂದರೆ ಅದಕ್ಕೆ ಯಾವ ಅರ್ಜಿ ನಮೂನೆಯೂ ಇಲ್ಲ. ಅಷ್ಟು ಕಾಲ ಮನೆ ಬಾಡಿಗೆ, ಮಕ್ಕಳ ಫೀಸು ಕಟ್ಟಲು ಅವರಿಗೆ ಉಳಿಯುವುದು ಮನೆಯ ಇನ್ನೊಬ್ಬರ ಸಂಬಳ, ಇಲ್ಲವೇ ಊರಿನ ಎರಡು ಎಕರೆ.